‘7 ವರ್ಷ ಅಸಲು ಕಟ್ಟಬೇಕಿಲ್ಲ’: ಸಣ್ಣ ಉದ್ಯಮಗಳ ‘ಅಧೀನ ಸಾಲ’ ಎಂದರೆ ನಿಜಕ್ಕೂ ಏನು?

“ಸಣ್ಣ ಉದ್ಯಮ ನಡೆಸುವವರಿಗೆ 75 ಲಕ್ಷ ರೂಪಾಯಿವರೆಗೆ ಸಾಲ. 7 ವರ್ಷ ಅಸಲು ಕಟ್ಟಬೇಕಿಲ್ಲ. 90% ಗ್ಯಾರಂಟಿ ಸರ್ಕಾರದ್ದೇ.”

ಇಂಥ ಮೂರು ಸಾಲು ಮೊಬೈಲಿಗೆ ಬಂದರೆ, ವರ್ಕ್‌ಶಾಪ್ ನಡೆಸುವ ಭಾವನಿಗೋ, ಬೇಕರಿ ಇಟ್ಟಿರುವ ಗೆಳೆಯನಿಗೋ ಕಳಿಸಿಬಿಡೋಣ ಎಂದು ಯಾರಿಗಾದರೂ ಅನಿಸುತ್ತದೆ. ಇದರಲ್ಲಿರುವ ಮೂರೂ ಅಂಕಿಗಳು ಕೇಂದ್ರ ಸರ್ಕಾರ 2020ರಲ್ಲಿ ತಂದ ನಿಜವಾದ ಯೋಜನೆಯೊಂದರವು. ಆದರೆ ಈ ಸಾಲುಗಳನ್ನಷ್ಟೇ ನಂಬಿ ಬ್ಯಾಂಕಿಗೆ ಹೋದವರು ಬರಿಗೈಯಲ್ಲಿ ವಾಪಸ್ ಬರಬೇಕಾಗುತ್ತದೆ. ಯೋಜನೆಯ ಅವಧಿ 2023ರ ಮಾರ್ಚ್ 31ಕ್ಕೆ ಮುಗಿದಿದೆ. ಅದು ಜಾರಿಯಲ್ಲಿದ್ದಾಗಲೂ ಹೀಗೆ ಇರಲಿಲ್ಲ.

ಯೋಜನೆ ಮುಗಿದಿರಬಹುದು, ಆ ಬಗೆಯ ಸಾಲ ಮುಗಿದಿಲ್ಲ. ಅದರ ಹೆಸರು ‘ಸಬಾರ್ಡಿನೇಟ್ ಡೆಟ್’, ಕನ್ನಡದಲ್ಲಿ ಅಧೀನ ಸಾಲ. ಹೆಸರು ಹೊಸದೆನಿಸಿದರೂ, ಮನೆಯವರು ಯಾರಾದರೂ ಸ್ವಂತ ಕಂಪನಿ ನಡೆಸುತ್ತಿದ್ದರೆ ನೀವು ಗೊತ್ತಿಲ್ಲದೆಯೇ ಇಂಥ ಸಾಲ ಕೊಟ್ಟಿರಬಹುದು.

ಅಧೀನ ಅಂದರೆ ಯಾರಿಗೆ ಅಧೀನ?

ಮದುವೆ ಮನೆಯ ಊಟವನ್ನು ನೆನಪಿಸಿಕೊಳ್ಳಿ. ಮೊದಲ ಪಂಕ್ತಿಯಲ್ಲಿ ಕೂತವರಿಗೆ ಹೋಳಿಗೆಯಿಂದ ಹಿಡಿದು ಎಲ್ಲವೂ ಸಿಗುತ್ತದೆ. ಎರಡನೇ ಪಂಕ್ತಿಗೂ ಬಹುತೇಕ ಸಿಗುತ್ತದೆ. ಅಂದಾಜು ತಪ್ಪಿದ ಮದುವೆಯಲ್ಲಿ ಕೊನೆಯ ಪಂಕ್ತಿಗೆ ಅನ್ನ, ಸಾರು ಮಾತ್ರ. ಅಡುಗೆ ಎಲ್ಲರಿಗೂ ಒಂದೇ, ಎಲೆ ಹಾಕುವ ಸರದಿ ಬೇರೆ.

ಉದ್ಯಮ ಮುಚ್ಚಿ ಆಸ್ತಿ ಮಾರಬೇಕಾಗಿ ಬಂದಾಗಲೂ ಇಂಥದೇ ಸರದಿ ಇರುತ್ತದೆ. ಯಂತ್ರ, ಕಟ್ಟಡ ಅಡವಿಟ್ಟುಕೊಂಡು ಸಾಲ ಕೊಟ್ಟ ಬ್ಯಾಂಕ್ ಮುಂದಿನ ಪಂಕ್ತಿಯಲ್ಲಿ ಕೂತಿರುತ್ತದೆ. ಮಾಲೀಕ ಎಲ್ಲರಿಗಿಂತ ಕೊನೆ. ಇವರಿಬ್ಬರ ನಡುವೆ ಕೂರಲು ಒಪ್ಪಿಕೊಂಡವರ ಸಾಲವೇ ಅಧೀನ ಸಾಲ. “ಬ್ಯಾಂಕಿನ ಬಾಕಿ ಪೂರ್ತಿ ತೀರಿದ ಮೇಲೆ ನನ್ನದು” ಎಂದು ಇಂಥ ಸಾಲ ಕೊಟ್ಟವರು ಲಿಖಿತವಾಗಿ ಒಪ್ಪಿರುತ್ತಾರೆ.

ಆದ್ದರಿಂದ ಇದು ‘ಕಡಿಮೆ ಮಹತ್ವದ ಸಾಲ’ ಅಲ್ಲ. ‘ತೀರಿಸದಿದ್ದರೂ ನಡೆಯುವ ಸಾಲ’ವಂತೂ ಅಲ್ಲವೇ ಅಲ್ಲ.

ಲೆಕ್ಕ ಹಾಕಿ ನೋಡೋಣ

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಘಟಕವಿದೆ ಎಂದಿಟ್ಟುಕೊಳ್ಳಿ. ಅದರಲ್ಲಿ ಬ್ಯಾಂಕ್ ಸಾಲ 50 ಲಕ್ಷ, ಅಧೀನ ಸಾಲ 20 ಲಕ್ಷ, ಮಾಲೀಕರ ಸ್ವಂತ ದುಡ್ಡು 30 ಲಕ್ಷ. ಒಟ್ಟು 1 ಕೋಟಿ. ವ್ಯವಹಾರ ಕೈಕೊಟ್ಟು ಎಲ್ಲವನ್ನೂ ಮಾರಬೇಕಾಯಿತು. ಬೇರೆ ಬಾಕಿಗಳನ್ನು ಸದ್ಯ ಬದಿಗಿಡೋಣ.

• 90 ಲಕ್ಷ ಬಂದರೆ: ಬ್ಯಾಂಕಿಗೆ 50, ಅಧೀನ ಸಾಲ ಕೊಟ್ಟವರಿಗೆ 20, ಮಾಲೀಕರಿಗೆ 20 ಲಕ್ಷ.
• 60 ಲಕ್ಷ ಬಂದರೆ: ಬ್ಯಾಂಕಿಗೆ 50, ಅಧೀನ ಸಾಲ ಕೊಟ್ಟವರಿಗೆ 10 ಲಕ್ಷ, ಮಾಲೀಕರಿಗೆ ಸೊನ್ನೆ.
• 45 ಲಕ್ಷ ಬಂದರೆ: ಪೂರ್ತಿ ಬ್ಯಾಂಕಿಗೆ. ಉಳಿದಿಬ್ಬರಿಗೂ ಸೊನ್ನೆ.

ಆಸ್ತಿಗೆ ಬರುವ ಬೆಲೆ 90ರಿಂದ 60 ಲಕ್ಷಕ್ಕೆ ಇಳಿದರೂ ಬ್ಯಾಂಕಿಗೆ ಒಂದು ರೂಪಾಯಿಯೂ ನಷ್ಟವಿಲ್ಲ. ಅಧೀನ ಸಾಲ ಕೊಟ್ಟವರ ಅರ್ಧ ಹಣ ಹೋಯಿತು. ಘಟಕ ಚೆನ್ನಾಗಿ ನಡೆದು ಲಾಭ ಎರಡು ಪಟ್ಟಾದರೆ ಅವರಿಗೆ ಸಿಗುವುದು ಒಪ್ಪಿದ ಬಡ್ಡಿ ಮಾತ್ರ. ಹೆಚ್ಚಿನ ಲಾಭ ಮಾಲೀಕರದ್ದು. ಈ ಕಾರಣಕ್ಕೇ ಹೊರಗಿನವರು ಕೊಡುವ ಅಧೀನ ಸಾಲದ ಬಡ್ಡಿ ಅಡಮಾನ ಸಾಲದ ಬಡ್ಡಿಗಿಂತ ಜಾಸ್ತಿ ಇರುತ್ತದೆ. ಕೆಲವರು ಬಡ್ಡಿಯ ಜೊತೆಗೆ ಲಾಭದಲ್ಲಿ ಒಂದಿಷ್ಟು ಪಾಲನ್ನೋ, ಮುಂದೆ ಸಾಲವನ್ನು ಷೇರಾಗಿ ಬದಲಿಸಿಕೊಳ್ಳುವ ಹಕ್ಕನ್ನೋ ಕೇಳುತ್ತಾರೆ.

ಹಾಗಾಗಿ “ಅಡಮಾನ ಬೇಡ, ಬಡ್ಡಿಯೂ ಕಡಿಮೆ, ಅಸಲಿಗೆ ಅವಸರವೂ ಇಲ್ಲ” ಎಂದು ಯಾರಾದರೂ ಹೇಳಿದರೆ, ಆ ನಷ್ಟದ ಭಯವನ್ನು ಯಾರು ಹೊತ್ತಿದ್ದಾರೆ ಎಂದು ಕೇಳಬೇಕು. ಉತ್ತರ ಸಿಗದಿದ್ದರೆ ಅಲ್ಲಿ ಏನೋ ಮುಚ್ಚಿಟ್ಟಿದ್ದಾರೆ ಎಂದೇ ಅರ್ಥ.

ಕಾನೂನಿನ ಸರದಿ ಹೇಗಿದೆ?

ಕಂಪನಿ ಮತ್ತು ಎಲ್‌ಎಲ್‌ಪಿಗಳ ಮಟ್ಟಿಗೆ 2016ರ ದಿವಾಳಿ ಸಂಹಿತೆಯ 53ನೇ ಸೆಕ್ಷನ್ ಈ ಸರದಿಯನ್ನು ಬರೆದಿಟ್ಟಿದೆ. ಆಸ್ತಿ ಮಾರಿದ ಹಣದಲ್ಲಿ ಮೊದಲು ದಿವಾಳಿ ಪ್ರಕ್ರಿಯೆಯ ಖರ್ಚು ತೀರಬೇಕು. ನಂತರ ಕಾರ್ಮಿಕರ ಹಿಂದಿನ 24 ತಿಂಗಳ ಬಾಕಿ, ಮತ್ತು ಅಡಮಾನವನ್ನು ಪ್ರಕ್ರಿಯೆಗೆ ಬಿಟ್ಟುಕೊಟ್ಟ ಸಾಲಗಾರರ ಬಾಕಿ. ಇವೆರಡಕ್ಕೂ ಒಂದೇ ಸ್ಥಾನ. ಆಮೇಲೆ ಇತರ ನೌಕರರ 12 ತಿಂಗಳ ಸಂಬಳ. ಅದಾದ ಮೇಲೆ ಅಡಮಾನವಿಲ್ಲದೆ ಸಾಲ ಕೊಟ್ಟವರು. ಅವರ ನಂತರ ಸರ್ಕಾರದ ಬಾಕಿ, ಬಳಿಕ ಉಳಿದ ಸಾಲಗಳು, ಆದ್ಯತಾ ಷೇರುದಾರರು. ಕೊನೆಗೆ ಮಾಲೀಕರು.

ಅಡಮಾನವಿಲ್ಲದ ಸಾಲಕ್ಕೇ ಸರದಿ ಬರುವುದು ಅಷ್ಟು ತಡವಾಗಿ. ಅದರ ಮೇಲೆ “ಇನ್ನೂ ಹಿಂದೆ ನಿಲ್ಲುತ್ತೇನೆ” ಎಂದು ಬರೆದುಕೊಟ್ಟವರಿಗೆ ಏನು ಉಳಿದೀತು ಎಂಬುದನ್ನು ಊಹಿಸಿಕೊಳ್ಳಬಹುದು.

ಇನ್ನೊಂದು ವಿಷಯ. ನಮ್ಮಲ್ಲಿ ಸಣ್ಣ ಉದ್ಯಮಗಳ ಪೈಕಿ ಬಹುಪಾಲು ಕಂಪನಿಗಳೇ ಅಲ್ಲ, ಒಬ್ಬರ ಹೆಸರಿನಲ್ಲಿ ನಡೆಯುವ ಪ್ರೊಪ್ರೈಟರ್‌ಶಿಪ್‌ಗಳು. ಕಾನೂನಿನ ಕಣ್ಣಿನಲ್ಲಿ ಅಲ್ಲಿ ಅಂಗಡಿ ಬೇರೆ, ಅಂಗಡಿಯವರು ಬೇರೆ ಎಂಬುದಿಲ್ಲ. ಅಂಗಡಿಯ ಆಸ್ತಿ ಸಾಲದಿದ್ದರೆ ಮಾಲೀಕರ ಸ್ವಂತ ಆಸ್ತಿಯೂ ಲೆಕ್ಕಕ್ಕೆ ಬರುತ್ತದೆ. ಕಂಪನಿಯಾಗಿದ್ದರೂ ಮಾಲೀಕರು ವೈಯಕ್ತಿಕ ಜಾಮೀನಿಗೆ ಸಹಿ ಹಾಕಿದ್ದರೆ ಇದೇ ಪರಿಸ್ಥಿತಿ.

ಹಾಗಾದರೆ ಇಂಥ ಸಾಲ ಯಾರಿಗೆ ಬೇಕು?

ಹೊಸದಾಗಿ ಶುರುವಾಗುವ ಉದ್ಯಮಕ್ಕೆ ಇದು ಸಾಮಾನ್ಯವಾಗಿ ಹೊಂದುವುದಿಲ್ಲ. ಅಡಮಾನ ಇಲ್ಲದೆ, ಸರದಿಯಲ್ಲೂ ಹಿಂದೆ ನಿಂತು ಕೊಡುವವರಿಗೆ ಇರುವ ಒಂದೇ ಭರವಸೆ ಎಂದರೆ ಉದ್ಯಮಕ್ಕೆ ತಿಂಗಳು ತಿಂಗಳು ಬರುವ ಹಣ. ಅದನ್ನು ಹಲವು ವರ್ಷಗಳ ಆದಾಯ ತೆರಿಗೆ ರಿಟರ್ನ್, ಜಿಎಸ್‌ಟಿ ಲೆಕ್ಕ, ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿಯೇ ಅಳೆಯಬೇಕು. ಆದ್ದರಿಂದ ಇದು ಐದಾರು ವರ್ಷ ನಡೆದು ನೆಲೆ ನಿಂತ ಉದ್ಯಮಗಳ ಸಾಲ.

ನೆಲೆ ನಿಂತ ಉದ್ಯಮಕ್ಕೂ ಒಂದು ಇಕ್ಕಟ್ಟು ಬರುತ್ತದೆ. ದೊಡ್ಡ ಆರ್ಡರ್ ಸಿಕ್ಕಿದೆ, ಹೊಸ ಯಂತ್ರ ಬೇಕು. ಅಥವಾ ಅಣ್ಣ ತಮ್ಮ ಬೇರೆಯಾಗುತ್ತಿದ್ದಾರೆ, ಒಬ್ಬರು ಇನ್ನೊಬ್ಬರ ಪಾಲಿನ ಹಣ ಕೊಟ್ಟು ಘಟಕ ಉಳಿಸಿಕೊಳ್ಳಬೇಕು. ಅಡಮಾನ ಇಡಬಹುದಾದ ಮನೆ, ಸೈಟು, ಯಂತ್ರ ಎಲ್ಲವೂ ಈಗಾಗಲೇ ಬ್ಯಾಂಕಿನಲ್ಲಿವೆ. ಷೇರು ಮಾರಿದರೆ ಹೊರಗಿನವರು ಯಜಮಾನಿಕೆಯಲ್ಲಿ ಪಾಲು ಕೇಳುತ್ತಾರೆ. ಅಂಥ ಹೊತ್ತಿನಲ್ಲಿ, ಬಡ್ಡಿ ಹೆಚ್ಚಾದರೂ ಯಜಮಾನಿಕೆ ಕೈಯಲ್ಲೇ ಉಳಿಯುವ ಅಧೀನ ಸಾಲ ಉಪಯೋಗಕ್ಕೆ ಬರುತ್ತದೆ.

ಅಮೆರಿಕದಲ್ಲಿ ಸಣ್ಣ ಉದ್ಯಮಗಳಿಗಾಗಿ ಇರುವ ‘504’ ಸಾಲ ಯೋಜನೆ ಇದಕ್ಕೆ ಒಳ್ಳೆಯ ಉದಾಹರಣೆ. ಕಟ್ಟಡ ಅಥವಾ ದೊಡ್ಡ ಯಂತ್ರ ಕೊಳ್ಳುವಾಗ ಸಾಮಾನ್ಯವಾಗಿ 50% ಬ್ಯಾಂಕ್ ಕೊಡುತ್ತದೆ, ಅಡಮಾನದ ಮೇಲೆ ಮೊದಲ ಹಕ್ಕು ಅದರದ್ದು. 40%ವರೆಗೆ ಸರ್ಕಾರದ ಗ್ಯಾರಂಟಿ ಇರುವ ಎರಡನೇ ಸಾಲ, ಅದರ ಹಕ್ಕು ಬ್ಯಾಂಕಿನ ಹಿಂದೆ. ಉಳಿದ 10% ಮಾಲೀಕರು ಹಾಕಬೇಕು. ಎರಡನೆಯವರು ಹಿಂದೆ ನಿಲ್ಲಲು ಒಪ್ಪಿದ್ದರಿಂದಲೇ ಬ್ಯಾಂಕ್ ಧೈರ್ಯ ಮಾಡುತ್ತದೆ.

2020ರ ಯೋಜನೆಯಲ್ಲಿ ನಿಜಕ್ಕೂ ಏನಿತ್ತು?

ಕೋವಿಡ್ ಲಾಕ್‌ಡೌನ್ ಹೊತ್ತಿನಲ್ಲಿ, 2020ರ ಮೇ ತಿಂಗಳಲ್ಲಿ, ಕೇಂದ್ರ ಸರ್ಕಾರ ಆತ್ಮನಿರ್ಭರ ಭಾರತ ಪ್ಯಾಕೇಜ್‌ನಲ್ಲಿ 20,000 ಕೋಟಿ ರೂಪಾಯಿ ಅಧೀನ ಸಾಲಕ್ಕೆ ಅವಕಾಶ ಘೋಷಿಸಿತು. ಜೂನ್ 24ರಂದು ಯೋಜನೆಗೆ ಚಾಲನೆ ಸಿಕ್ಕಿತು. ಗ್ಯಾರಂಟಿ ನೀಡುವ ಹೊಣೆ ಸಿಜಿಟಿಎಂಎಸ್‌ಇ ಎಂಬ ಟ್ರಸ್ಟ್‌ನದ್ದು. ಇದು ಕೇಂದ್ರ ಸರ್ಕಾರ ಮತ್ತು ಸಿಡ್ಬಿ ಸೇರಿ 2000ನೇ ಇಸವಿಯಲ್ಲಿ ಸ್ಥಾಪಿಸಿದ ಟ್ರಸ್ಟ್. ಈಗ ಆ ಮೂರು ಸಾಲುಗಳನ್ನು ಒಂದೊಂದಾಗಿ ನೋಡೋಣ.

“75 ಲಕ್ಷ ಸಾಲ”: ಅರ್ಧ ಸತ್ಯ. 2020ರಲ್ಲಿ ಘೋಷಿಸಿದ ನಿಯಮದ ಪ್ರಕಾರ, ಉದ್ಯಮದಲ್ಲಿ ಪ್ರವರ್ತಕರು ಹಾಕಿರುವ ಪಾಲಿನ 15% ಅಥವಾ 75 ಲಕ್ಷ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಪಾಲು 40 ಲಕ್ಷವಿದ್ದರೆ ಸಾಲ 6 ಲಕ್ಷ ಮಾತ್ರ. 75 ಲಕ್ಷ ಬೇಕೆಂದರೆ ಪಾಲು 5 ಕೋಟಿ ಇರಬೇಕು. ‘ವರೆಗೆ’ ಎಂಬ ಒಂದು ಪದದಲ್ಲಿ ಇಷ್ಟೆಲ್ಲ ಅಡಗಿತ್ತು.

“ಸಣ್ಣ ಉದ್ಯಮ ನಡೆಸುವ ಎಲ್ಲರಿಗೂ”: ತಪ್ಪು. 2020ರ ಏಪ್ರಿಲ್ 30ಕ್ಕೆ ಎನ್‌ಪಿಎ ಆಗಿದ್ದ, ಅಥವಾ ‘ಎಸ್‌ಎಂಎ–2’ ಹಂತದಲ್ಲಿದ್ದ ಖಾತೆಗಳಿಗೆ ಮಾತ್ರ ಇದು ಮೀಸಲು. ಕಂತು 61ರಿಂದ 90 ದಿನ ಬಾಕಿಯಾದರೆ ಎಸ್‌ಎಂಎ–2, 90 ದಿನ ದಾಟಿದರೆ ಎನ್‌ಪಿಎ. ಅಂದರೆ ಕಾಯಿಲೆ ಬಿದ್ದ, ಆದರೆ ಬದುಕುವ ಭರವಸೆ ಇದ್ದ ಉದ್ಯಮಕ್ಕೆ ಕೊಡುವ ಮದ್ದು ಇದಾಗಿತ್ತು. ಸರಿಯಾಗಿ ಕಂತು ಕಟ್ಟುತ್ತಿದ್ದವರಿಗೆ ಇದು ಅನ್ವಯಿಸುತ್ತಿರಲಿಲ್ಲ. ಬೇಕೆಂದೇ ಸಾಲ ಉಳಿಸಿಕೊಂಡವರಿಗೂ ಇಲ್ಲ.

“7 ವರ್ಷ ಕಟ್ಟಬೇಕಿಲ್ಲ”: ದಾರಿ ತಪ್ಪಿಸುವ ಮಾತು. ಬಿಡುವು ಇದ್ದದ್ದು ಅಸಲಿಗೆ ಮಾತ್ರ, ಬಡ್ಡಿಯನ್ನು ಪ್ರತಿ ತಿಂಗಳೂ ಕಟ್ಟಬೇಕಿತ್ತು. ಒಟ್ಟು ಅವಧಿ ಹೆಚ್ಚೆಂದರೆ 10 ವರ್ಷ. ಉದಾಹರಣೆಗೆ 10 ಲಕ್ಷ ಸಾಲಕ್ಕೆ ಬಡ್ಡಿ 12% ಎಂದುಕೊಂಡರೆ ತಿಂಗಳಿಗೆ 10,000 ರೂಪಾಯಿ. 7 ವರ್ಷಕ್ಕೆ 8.4 ಲಕ್ಷ. ಇಷ್ಟು ಕಟ್ಟಿದ ಮೇಲೂ ಅಸಲು 10 ಲಕ್ಷ ಹಾಗೇ ನಿಂತಿರುತ್ತದೆ. ಉಳಿದ 3 ವರ್ಷದೊಳಗೆ ಅದನ್ನು ತೀರಿಸಬೇಕು. ಇದರ ಜೊತೆಗೆ ವರ್ಷಕ್ಕೆ 1.5% ಗ್ಯಾರಂಟಿ ಶುಲ್ಕ ಬೇರೆ.

“90% ಗ್ಯಾರಂಟಿ ಸರ್ಕಾರದ್ದು”: ಅಂಕಿ ಸರಿ, ಅರ್ಥ ತಪ್ಪು. 90% ಗ್ಯಾರಂಟಿ ಯೋಜನೆಯದ್ದು, 10% ಪ್ರವರ್ತಕರದ್ದು. ಆದರೆ ಈ ಗ್ಯಾರಂಟಿ ರಕ್ಷಿಸುವುದು ಬ್ಯಾಂಕನ್ನು, ಸಾಲ ಪಡೆದವರನ್ನಲ್ಲ. ಸಾಲ ಕೆಟ್ಟರೆ ಬ್ಯಾಂಕಿಗೆ ಟ್ರಸ್ಟ್‌ನಿಂದ ಹಣ ಬರುತ್ತದೆ. ಸಾಲಗಾರರ ಬಾಕಿ ಮಾತ್ರ ಮನ್ನಾ ಆಗುವುದಿಲ್ಲ. ವಸೂಲಿ ಮುಂದುವರಿಯುತ್ತದೆ, ಕ್ರೆಡಿಟ್ ಸ್ಕೋರ್ ಬೀಳುತ್ತದೆ. ಈ ಯೋಜನೆಯಲ್ಲಿ ಸಾಲ ಸಿಗುತ್ತಿದ್ದದ್ದು ಪ್ರವರ್ತಕರಿಗೆ. ಆ ಹಣವನ್ನು ಅವರು ತಮ್ಮ ಉದ್ಯಮಕ್ಕೆ ಬಂಡವಾಳವಾಗಿ ಹಾಕಬೇಕಿತ್ತು. ಉದ್ಯಮ ಮುಚ್ಚಿದರೂ ಸಾಲ ಅವರ ತಲೆಯ ಮೇಲೇ ಉಳಿಯುತ್ತಿತ್ತು.

ಸುಮಾರು 2 ಲಕ್ಷ ಉದ್ಯಮಗಳಿಗೆ ನೆರವಾಗುತ್ತದೆ ಎಂದು ಆರಂಭದಲ್ಲಿ ಹೇಳಲಾಗಿತ್ತು. ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಿದರೂ ಕೊಟ್ಟ ಸಾಲ 20,000 ಕೋಟಿಯ ಹತ್ತಿರಕ್ಕೂ ಹೋಗಲಿಲ್ಲ. ಈಗಾಗಲೇ ಕಂತು ತಪ್ಪಿದವರಿಗೆ ಮತ್ತೆ ಸಾಲ ಕೊಡಲು, ಅದೂ ಸರದಿಯಲ್ಲಿ ಹಿಂದೆ ನಿಂತು ಕೊಡಲು, ಬ್ಯಾಂಕ್ ಮ್ಯಾನೇಜರ್ ಹಿಂದೆಮುಂದೆ ನೋಡುವುದು ಅರ್ಥವಾಗದ ಸಂಗತಿಯೇನಲ್ಲ. ಗ್ಯಾರಂಟಿ ಇದ್ದ ಮಾತ್ರಕ್ಕೆ ಸಾಲ ಮಂಜೂರಾಗುತ್ತದೆ ಎಂದಿಲ್ಲ.

ಮನೆಯೊಳಗಿನ ಅಧೀನ ಸಾಲ

ಇನ್ನು ಬಹಳಷ್ಟು ಕುಟುಂಬಗಳಿಗೆ ನೇರವಾಗಿ ತಟ್ಟುವ ಸಂಗತಿ. ಅಕ್ಕ ತನ್ನ ಎಫ್‌ಡಿ ಮುರಿದು ತಮ್ಮನ ಕಂಪನಿಗೆ 15 ಲಕ್ಷ ಕೊಡುತ್ತಾಳೆ ಎಂದುಕೊಳ್ಳಿ. “ಎರಡು ವರ್ಷದಲ್ಲಿ ವಾಪಸ್ ಕೊಡ್ತೀನಿ ಅಕ್ಕ” ಎಂಬುದು ಮಾತು. ಆರು ತಿಂಗಳ ನಂತರ ಕಂಪನಿ ಬ್ಯಾಂಕ್ ಸಾಲಕ್ಕೆ ಅರ್ಜಿ ಹಾಕುತ್ತದೆ.

ಬ್ಯಾಂಕ್ ಮೊದಲು ನೋಡುವುದು ಕಂಪನಿಯಲ್ಲಿ ಸ್ವಂತ ಹಣ ಎಷ್ಟು, ಹೊರಗಿನ ಬಾಕಿ ಎಷ್ಟು ಎಂದು. ತಮ್ಮನ ಬಂಡವಾಳ 20 ಲಕ್ಷ, ಅಕ್ಕನ 15 ಲಕ್ಷವೂ ಸೇರಿ ಹೊರಗಿನ ಬಾಕಿ 80 ಲಕ್ಷ. ಅಂದರೆ ಸ್ವಂತ ಹಣದ ನಾಲ್ಕು ಪಟ್ಟು ಬಾಕಿ. ಬ್ಯಾಂಕಿಗೆ ಇದು ಹಿಡಿಸುವುದಿಲ್ಲ. ಅಕ್ಕನ 15 ಲಕ್ಷವನ್ನು ಬಂಡವಾಳದ ಹಾಗೆ ಲೆಕ್ಕ ಹಾಕಿದರೆ ಸ್ವಂತ ಹಣ 35 ಲಕ್ಷ, ಬಾಕಿ 65 ಲಕ್ಷ, ಎರಡು ಪಟ್ಟಿಗಿಂತ ಕಡಿಮೆ. ಈಗ ಸಾಲಕ್ಕೆ ದಾರಿಯಾಯಿತು.

ಆದರೆ ಅದಕ್ಕೆ ಒಂದು ಷರತ್ತು. ಬ್ಯಾಂಕ್ ಸಾಲ ತೀರುವವರೆಗೆ ಅಕ್ಕ ಆ ಹಣವನ್ನು ವಾಪಸ್ ಕೇಳುವಂತಿಲ್ಲ, ಕಂಪನಿ ಕೊಡುವಂತೆಯೂ ಇಲ್ಲ. ಮಂಜೂರಾತಿ ಪತ್ರದ ಷರತ್ತುಗಳ ನಡುವೆ ಇದು ಒಂದು ಸಾಲಿನಲ್ಲಿ ಇರುತ್ತದೆ. ಕೆಲವೊಮ್ಮೆ ಅಕ್ಕನಿಂದಲೇ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. “ಬ್ಯಾಂಕಿನವರು ಕೇಳ್ತಿದ್ದಾರೆ, ಸುಮ್ಮನೆ ಒಂದು ಸಹಿ” ಎಂದಾಗ ಹಾಕುವ ಸಹಿ ಅದೇ. ಎರಡು ವರ್ಷದ ಕೈಸಾಲ ಆ ಒಂದು ಸಹಿಯಲ್ಲಿ ಏಳು ವರ್ಷದ ಅಧೀನ ಸಾಲವಾಯಿತು. ಮಗಳ ಮದುವೆಗೋ, ಮಗನ ಕಾಲೇಜಿಗೋ ಎಂದು ಇಟ್ಟಿದ್ದ ಹಣ ಸರದಿಯ ಕೊನೆಗೆ ಹೋಯಿತು.

ಇದು ಮೋಸವಲ್ಲ, ಬ್ಯಾಂಕಿನ ಕ್ರಮದಲ್ಲಿ ತಪ್ಪೂ ಇಲ್ಲ. ತಮ್ಮನ ಉದ್ಯಮ ಬೆಳೆಯಲು ಬೇಕಾದ ಆಸರೆ ಅದೇ ಇರಬಹುದು. ಆದರೆ ಕೊಡುವವರಿಗೆ ತಾವು ಏನಕ್ಕೆ ಒಪ್ಪುತ್ತಿದ್ದೇವೆ ಎಂದು ಗೊತ್ತಿರಬೇಕು. ‘ಇಸ್ಕೊಂಡವನು ವೀರಭದ್ರ, ಕೊಟ್ಟವನು ಕೋಡಂಗಿ’ ಎಂಬ ಗಾದೆ ನಿಜವಾಗುವುದು ಕಾಗದ ಪತ್ರ ಇಲ್ಲದ ಕಡೆಯೇ.

ಸಂಬಂಧಿಕರಿಗೆ ಕೊಡುವ ಮುನ್ನ

• ಹಣ ಬ್ಯಾಂಕ್ ಮೂಲಕವೇ ಹೋಗಲಿ. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ನಿರ್ಬಂಧವಿದೆ.

• ಸಾಲವೋ, ಷೇರೋ, ಉಡುಗೊರೆಯೋ ಎಂಬುದು ಕಾಗದದಲ್ಲಿರಲಿ. ಬಡ್ಡಿ ಎಷ್ಟು, ಯಾವಾಗ, ಅಸಲು ಯಾವಾಗ ಎಂದೂ ಬರೆದಿರಲಿ. ಅಸಲಿಗೆ ತಡೆ ಇದ್ದರೂ ಬಡ್ಡಿ ಪಡೆಯಲು ಬ್ಯಾಂಕಿನ ಒಪ್ಪಿಗೆ ಇದೆಯೇ ಎಂದು ಕೇಳಿ.

• ಕಾಲಮಿತಿ ಮರೆಯಬೇಡಿ. ಕೇಳಿದಾಗ ಕೊಡಬೇಕು ಎಂಬ ಮಾತಿನ ಮೇಲೆ ಕೊಟ್ಟ ಸಾಲಕ್ಕೆ ದಾವೆ ಹೂಡಲು ಇರುವ ಅವಧಿ ಸಾಮಾನ್ಯವಾಗಿ ಸಾಲ ಕೊಟ್ಟ ದಿನದಿಂದ 3 ವರ್ಷ. ಬ್ಯಾಂಕ್ ಸಾಲ ತೀರಲಿ ಎಂದು ಸುಮ್ಮನೆ ಕಾಯುತ್ತ ಕೂತರೆ ಆ ಅವಧಿಯೇ ಮುಗಿದುಹೋಗಬಹುದು. ಪ್ರತಿ ವರ್ಷ ಮಾರ್ಚ್ 31ಕ್ಕೆ “ಇಂತಿಷ್ಟು ಬಾಕಿ ಇದೆ” ಎಂದು ಕಂಪನಿಯಿಂದ ಸಹಿ ಮಾಡಿದ ಪತ್ರ ಪಡೆಯಿರಿ. ಅವಧಿ ಮುಗಿಯುವ ಮೊದಲು ಲಿಖಿತವಾಗಿ ಬಾಕಿ ಒಪ್ಪಿಕೊಂಡರೆ ಹೊಸ ಅವಧಿ ಶುರುವಾಗುತ್ತದೆ.

• ಪ್ರೈವೇಟ್ ಲಿಮಿಟೆಡ್ ಕಂಪನಿ ತನ್ನ ನಿರ್ದೇಶಕರಿಂದ, ಅವರ ಹತ್ತಿರದ ಸಂಬಂಧಿಕರಿಂದ ಸಾಲ ಪಡೆಯಬಹುದು. ಆದರೆ ಆ ಹಣ ಬೇರೆಯವರಿಂದ ಸಾಲ ತಂದದ್ದಲ್ಲ ಎಂದು ಕೊಡುವವರು ಲಿಖಿತವಾಗಿ ತಿಳಿಸಬೇಕು. ಗೆಳೆಯರಿಂದ, ಪರಿಚಿತರಿಂದ ಪಡೆಯುವುದಕ್ಕೆ ಠೇವಣಿ ನಿಯಮಗಳು ಅಡ್ಡ ಬರಬಹುದು. ಲೆಕ್ಕಪರಿಶೋಧಕರನ್ನು ಕೇಳಿಯೇ ಮುಂದುವರಿಯಿರಿ.

ಉದ್ಯಮಿಗಳು ಸಹಿ ಹಾಕುವ ಮುನ್ನ

ವರ್ಷಕ್ಕೆ ಕೈಗೆ ಉಳಿಯುವ ಹಣ ಎಷ್ಟು, ಎಲ್ಲ ಸಾಲಗಳ ಕಂತು ಮತ್ತು ಬಡ್ಡಿ ಸೇರಿ ಎಷ್ಟು ಎಂದು ಲೆಕ್ಕ ಹಾಕಿ. 18 ಲಕ್ಷ ಉಳಿದು 12 ಲಕ್ಷ ಕಟ್ಟಬೇಕಿದ್ದರೆ ಉಸಿರಾಡಲು ಜಾಗವಿದೆ. 12.5 ಉಳಿದು 12 ಕಟ್ಟಬೇಕಿದ್ದರೆ, ಒಬ್ಬ ದೊಡ್ಡ ಗಿರಾಕಿ ಎರಡು ತಿಂಗಳು ಹಣ ತಡ ಮಾಡಿದರೂ ಕಂತು ತಪ್ಪುತ್ತದೆ. ಅಸಲಿಗೆ ಬಿಡುವು ಮುಗಿಯುವ ವರ್ಷದ ಲೆಕ್ಕವನ್ನೂ ಇಂದೇ ಹಾಕಿ. ಈಗಿನ ಬ್ಯಾಂಕಿನ ಒಪ್ಪಿಗೆ ಇಲ್ಲದೆ ಇನ್ನೊಂದು ಸಾಲ ತಂದರೆ ಹಳೆಯ ಸಾಲದ ಷರತ್ತು ಮುರಿದಂತಾಗಬಹುದು.

ಬ್ಯಾಂಕ್ ಅಥವಾ ಹಣಕಾಸು ಸಂಸ್ಥೆಯಿಂದ ಅವಧಿ ಸಾಲ ಪಡೆಯುವುದಾದರೆ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಕೇಳಿ ಪಡೆಯಿರಿ. ಬಡ್ಡಿ, ಶುಲ್ಕ ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಬೀಳುವ ದರ ಅದರಲ್ಲಿರುತ್ತದೆ. 2024ರ ಅಕ್ಟೋಬರ್ 1ರಿಂದ ಸಣ್ಣ ಉದ್ಯಮಗಳ ಅವಧಿ ಸಾಲಕ್ಕೂ ಇದನ್ನು ಕೊಡುವುದನ್ನು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ.

ಫಾರ್ವರ್ಡ್ ಮಾಡುವ ಮುನ್ನ

ಸಾಲದ ಸಂದೇಶ ಬಂದರೆ ನಾಲ್ಕು ವಿಷಯ ನೋಡಿ. ಯೋಜನೆಯ ಕೊನೆಯ ದಿನಾಂಕ ಇದೆಯೇ? ಯಾರಿಗೆ ಎಂದು ಸ್ಪಷ್ಟವಾಗಿದೆಯೇ? ‘ವರೆಗೆ’ ಎಂಬ ಪದದ ಹಿಂದಿನ ಲೆಕ್ಕ ಏನು? ಮುಂಗಡವಾಗಿ ‘ಪ್ರೊಸೆಸಿಂಗ್ ಶುಲ್ಕ’ವನ್ನು ಯಾರದೋ ಯುಪಿಐಗೆ ಕಳಿಸಲು ಹೇಳುತ್ತಿದೆಯೇ? ಹೇಳುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಸಣ್ಣ ಉದ್ಯಮಗಳಿಗೆ ಬೇಕಾದ ಉದ್ಯಮ್ ನೋಂದಣಿ ಸರ್ಕಾರಿ ಪೋರ್ಟಲ್‌ನಲ್ಲಿ ಸಂಪೂರ್ಣ ಉಚಿತ, ಅದಕ್ಕೂ ದುಡ್ಡು ಕೇಳುವವರನ್ನು ನಂಬಬೇಡಿ. ಈಗಾಗಲೇ ಹಣ ಕಳಿಸಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಸಂದೇಶ ನಿಜವೇ ಆಗಿದ್ದರೂ, ಗ್ಯಾರಂಟಿ ಯಾರನ್ನು ಕಾಯುತ್ತದೆ, ಸರದಿಯಲ್ಲಿ ಯಾರು ಎಲ್ಲಿ ನಿಲ್ಲುತ್ತಾರೆ ಎಂಬ ಎರಡು ಸಾಲನ್ನು ಅದರ ಕೆಳಗೆ ಸೇರಿಸಿ ಕಳಿಸಿ. ಅದನ್ನು ಓದುವ ಭಾವನಿಗೆ 75 ಲಕ್ಷ ಎಂಬ ಅಂಕಿಗಿಂತ ಆ ಎರಡು ಸಾಲಿನಿಂದಲೇ ಹೆಚ್ಚು ಉಪಯೋಗವಾಗುತ್ತದೆ.